ಕಾವುಪೆಟ್ಟಿಗೆಯಲ್ಲಿ ಮರಿಯಾಗದ ಮೊಟ್ಟೆ: ತಪ್ಪಿದ್ದೆಲ್ಲಿ?

ಸಂತೆಮರಹಳ್ಳಿ: ಹಿತ್ತಿಲಿನ ನಾಟಿ ಕೋಳಿ ಕಾವಿಗೆ ಕೂತರೆ ಬುಟ್ಟಿಗೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು, ಮುಂದಿನ 21 ದಿನಗಳ ಹೊಣೆಯನ್ನು ಅದಕ್ಕೇ ಬಿಟ್ಟುಬಿಡುವುದು ಈ ಸೀಮೆಯ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಆದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಮರಿಗಳನ್ನು ಬೆಳೆಸಿ ಬಿಡುವವರೆಗೆ ಎರಡು ಮೂರು ತಿಂಗಳ ಮೊಟ್ಟೆ ಕೈತಪ್ಪುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ, ಸ್ವರ್ಣಧಾರದಂತಹ ತಳಿಗಳಲ್ಲಂತೂ ಕಾವಿಗೆ ಕೂರುವ ಗುಣವೇ ಅಪರೂಪ. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಪುಟ್ಟ ಫ್ಯಾನು ಹಾಗೂ ಉಷ್ಣ ನಿಯಂತ್ರಕ ಸೇರಿಸಿ ಮಾಡಿದ ಕಾವುಪೆಟ್ಟಿಗೆಗಳು ಹಳ್ಳಿಯ ಮನೆಗಳನ್ನು ಪ್ರವೇಶಿಸಲು ಇದೇ ಕಾರಣ.

ಮೂವತ್ತು ಮೊಟ್ಟೆ ಇಟ್ಟು ಹನ್ನೆರಡು ಮರಿ ಬಂದರೆ ಉಳಿದ ಹದಿನೆಂಟರ ಬೆಲೆಯಷ್ಟೇ ನಷ್ಟವಲ್ಲ. ಮೂರು ವಾರಗಳ ವಿದ್ಯುತ್, ಹಗಲಿರುಳಿನ ಕಾಯುವಿಕೆ, ಮನೆಯ ಹೆಣ್ಣುಮಕ್ಕಳ ಕೈಗೆ ಬರಬೇಕಿದ್ದ ಪುಡಿಗಾಸು ಎಲ್ಲವೂ ಅದರೊಡನೆ ಹೋಗುತ್ತದೆ. ಇಂತಹ ಸಂದರ್ಭಗಳಲ್ಲಿ ದೂರು ಬರುವುದು ಪೆಟ್ಟಿಗೆಯ ಮೇಲೆ. ವಾಸ್ತವವಾಗಿ ಅನೇಕ ಮೊಟ್ಟೆಗಳ ಹಣೆಬರಹ ಅವು ಪೆಟ್ಟಿಗೆ ಸೇರುವ ಮೊದಲೇ ನಿರ್ಧಾರವಾಗಿರುತ್ತದೆ.

ಒಡೆದು ನೋಡುವುದೇ ಮೊದಲ ಪಾಠ

ಮರಿಯಾಗದ ಮೊಟ್ಟೆಗಳನ್ನು ತಿಪ್ಪೆಗೆಸೆಯುವ ಮುನ್ನ ಒಂದೊಂದಾಗಿ ಒಡೆದು ನೋಡಬೇಕು. ವಾಸನೆ ಅಸಹನೀಯವಾದುದರಿಂದ ಈ ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ಆದರೆ ಮುಂದಿನ ಸರದಿಯ ಲಾಭ ನಷ್ಟ ಇರುವುದು ಇಲ್ಲಿಯೇ. 23ನೇ ದಿನ, ಕೋಳಿಗಳಿಂದ ದೂರದಲ್ಲಿ ಒಡೆದು, ನಂತರ ಹೂತುಹಾಕಿ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳುವುದು ಒಳಿತು.

ಒಳಗೆ ಬೆಳವಣಿಗೆಯ ಕುರುಹೇ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಹುಂಜ ಕೂಡದ ಮೊಟ್ಟೆ. ರಕ್ತದ ಉಂಗುರವೊಂದು ಮಾತ್ರ ಉಳಿದಿದ್ದರೆ ಭ್ರೂಣ ಮೊದಲ ಕೆಲವು ದಿನಗಳಲ್ಲಿಯೇ ಸತ್ತಿದೆ. ಹಳೆಯ ಮೊಟ್ಟೆ, ಬಿಸಿಯಲ್ಲಿ ಸಂಗ್ರಹಿಸಿಟ್ಟ ಮೊಟ್ಟೆ ಅಥವಾ ಆರಂಭದಲ್ಲಿ ಮಿತಿಮೀರಿದ ಕಾವು ಇದಕ್ಕೆ ಕಾರಣ. ಪುಕ್ಕ ಮೂಡಿದ ಪೂರ್ಣ ಮರಿ ಚಿಪ್ಪಿನೊಳಗೇ ಸತ್ತಿದ್ದರೆ ದೋಷವನ್ನು ತೇವಾಂಶ, ಗಾಳಿಯಾಟ ಅಥವಾ ಮಗ್ಗುಲು ಬದಲಿಸುವುದರಲ್ಲಿ ಹುಡುಕಬೇಕು. ಭ್ರೂಣಗಳು ಹೆಚ್ಚಾಗಿ ಸಾಯುವುದು ಮೊದಲ ವಾರದ ಆರಂಭದಲ್ಲಿ ಮತ್ತು ಕೊನೆಯ ಮೂರು ದಿನಗಳಲ್ಲಿ. ನಡುವಿನ ಹತ್ತು ಹನ್ನೆರಡು ದಿನಗಳಲ್ಲಿ ಸಾವು ಹೆಚ್ಚಿದ್ದರೆ ತಾಯಿಕೋಳಿಯ ಆಹಾರದ ಕೊರತೆ ಇಲ್ಲವೆ ಸೋಂಕಿನ ಬಗ್ಗೆ ಅನುಮಾನಪಡಬೇಕಾಗುತ್ತದೆ.

ಸಂತೆಯ ಮೊಟ್ಟೆ, ಮನೆಯ ಮೊಟ್ಟೆ

ಅಂಗಡಿಯ ಫಾರಂ ಮೊಟ್ಟೆ ಎಷ್ಟೇ ಕಾವು ಕೊಟ್ಟರೂ ಮರಿಯಾಗದು. ಆ ಕೋಳಿಗಳ ನಡುವೆ ಹುಂಜವೇ ಇರುವುದಿಲ್ಲ. ಸಂತೆಯಲ್ಲಿ ಸಿಗುವ ನಾಟಿ ಮೊಟ್ಟೆಗಳಿಗೆ ಆ ತೊಂದರೆ ಇಲ್ಲವಾದರೂ ಅವು ಎಷ್ಟು ದಿನದವು ಎಂಬುದು ಮಾರುವವರಿಗೂ ನೆನಪಿರುವುದಿಲ್ಲ. ಒಂದು ವಾರ ಮೀರಿದ ಮೊಟ್ಟೆಯಲ್ಲಿ ಮರಿಯಾಗುವ ಶಕ್ತಿ ದಿನದಿನಕ್ಕೆ ಕುಗ್ಗುತ್ತದೆ. ಆದುದರಿಂದ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜದಂತೆ ಸಾಕಿ, ಮನೆಯ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದಿಡುವವರಿಗೆ ಹೆಚ್ಚಿನ ಫಲ ದೊರೆಯುತ್ತದೆ. ಗಿರಿರಾಜ ಸಂಕರ ತಳಿಯಾದ್ದರಿಂದ ಅದರ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿಸಿದಾಗ ತಾಯಿಯ ಎಲ್ಲ ಗುಣಗಳೂ ಹಾಗೆಯೇ ಮುಂದುವರಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ಭ್ರೂಣದ ಬೆಳವಣಿಗೆ ನಿದ್ರಾವಸ್ಥೆಯಲ್ಲಿರಬೇಕಾದರೆ ಮೊಟ್ಟೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿರಬೇಕು. 13ರಿಂದ 18 ಡಿಗ್ರಿ ಉತ್ತಮ. ಏಪ್ರಿಲ್ ತಿಂಗಳ ಚಾಮರಾಜನಗರದ ಹಂಚಿನ ಮನೆಯಲ್ಲಿ ಇದು ದುಸ್ತರ. ಅಡುಗೆಮನೆಯ ಬಿಸಿಗೆ ಭ್ರೂಣ ಅರೆಬರೆ ಬೆಳೆಯಲಾರಂಭಿಸಿ ಸಾಯುತ್ತದೆ. ಮನೆಯ ಫ್ರಿಜ್ಜೂ ಪರಿಹಾರವಲ್ಲ, ಅದರ ಒಳಭಾಗ ಅತಿ ತಂಪು. ಒದ್ದೆ ಮರಳಿನಲ್ಲಿ ಅರ್ಧ ಹೂತಿಟ್ಟ ಮಣ್ಣಿನ ಮಡಕೆಯಲ್ಲಿ, ಮೊನಚು ತುದಿ ಕೆಳಗಾಗಿ ಮೊಟ್ಟೆಗಳನ್ನಿಟ್ಟು ತೆಳುಬಟ್ಟೆ ಮುಚ್ಚುವ ಹಳೆಯ ಉಪಾಯವೇ ಇಲ್ಲಿ ಮೇಲು. ಬೇಸಿಗೆಯಲ್ಲಿ ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಕೂಡಿಡದಿರುವುದು ಇನ್ನೂ ಮೇಲು. ಕೊಳಕಾದ ಮೊಟ್ಟೆಗಳನ್ನು ತೊಳೆಯದೆ ಬದಿಗಿಡಬೇಕು. ತಣ್ಣೀರಿನಲ್ಲಿ ತೊಳೆದರೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣುಗಳು ಒಳಸೇರುತ್ತವೆ. ಬೈಕಿನಲ್ಲಿ ಕುಲುಕಾಡಿ ಬಂದ ಮೊಟ್ಟೆಗಳಿಗೆ ಒಂದು ದಿನದ ವಿಶ್ರಾಂತಿ ಅಗತ್ಯ.

ಅರ್ಧ ಡಿಗ್ರಿಯ ಅಂತರ

ಫ್ಯಾನಿರುವ ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಕಾವಿರಬೇಕು. ಫ್ಯಾನಿಲ್ಲದಿದ್ದರೆ ಬಿಸಿಗಾಳಿ ಮೇಲೇರಿ ನಿಲ್ಲುವುದರಿಂದ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಡಿಗ್ರಿ ಇರಬೇಕು. ಅಗ್ಗದ ನಿಯಂತ್ರಕಗಳು ಒಂದು ಡಿಗ್ರಿಯಷ್ಟು ತಪ್ಪು ತೋರಿಸುವುದು ಅಪರೂಪವಲ್ಲ. ಇದನ್ನು ಪರೀಕ್ಷಿಸುವ ಸಾಧನ ಹೆಚ್ಚಿನ ಮನೆಗಳಲ್ಲಿ ಇದ್ದೇ ಇದೆ: ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಮೊಟ್ಟೆಗೆ ಬೇಕಾದ ಕಾವು ಮನುಷ್ಯನ ಮೈಬಿಸಿಗೆ ಹತ್ತಿರವಿರುವುದರಿಂದ ಆ ಮಟ್ಟದಲ್ಲಿ ಅದರ ಅಳತೆ ನಂಬಲರ್ಹ. ಲೋಟದ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ನಿಯಂತ್ರಕದ ಸಂವೇದಕ ತುದಿಯನ್ನೂ ಜೊತೆಯಾಗಿ ಅದ್ದಿದರೆ ವ್ಯತ್ಯಾಸ ತಿಳಿಯುತ್ತದೆ. ಮರಿಗಳು 19ನೇ ದಿನವೇ ಹೊರಬಂದರೆ ಕಾವು ಹೆಚ್ಚಿತ್ತೆಂದೂ 22 ದಾಟಿದರೆ ಕಡಿಮೆಯಿತ್ತೆಂದೂ ತಿಳಿಯಬಹುದು. ಎರಡರಲ್ಲಿ ಹೆಚ್ಚಿನ ಕಾವೇ ಹೆಚ್ಚು ಘಾತಕ.

ತೇವಾಂಶದ ವಿಷಯದಲ್ಲಿ ರೇಷ್ಮೆ ಕಾರ್ಖಾನೆಗೆ ಹೆಸರಾದ ಸಂತೆಮರಹಳ್ಳಿಯ ಸುತ್ತಲಿನವರಿಗೆ ಒಂದು ಅನುಕೂಲವಿದೆ. ಚಾಕಿ ಹುಳುಗಳಿಗೆ 27-28 ಡಿಗ್ರಿ ಉಷ್ಣತೆ, ಶೇ 85ರಿಂದ 90ರಷ್ಟು ತೇವಾಂಶ ಕಾಯ್ದುಕೊಂಡು ಬಂದ ಕುಟುಂಬಗಳಿಗೆ ಒಣ ಹಾಗೂ ಹಸಿ ಬಲ್ಬಿನ ಥರ್ಮಾಮೀಟರ್ ಹೊಸತಲ್ಲ. ಕೋಳಿ ಮೊಟ್ಟೆಗೆ ಮೊದಲ 18 ದಿನ ಶೇ 50-55, ಕೊನೆಯ ಮೂರು ದಿನ ಶೇ 65-70 ಸಾಕು. ಒಣ ಬಲ್ಬು 37.8 ಡಿಗ್ರಿ ತೋರಿಸುವಾಗ ಹಸಿ ಬಲ್ಬು ಮೊದಲ ಅವಧಿಯಲ್ಲಿ 28ರಿಂದ 29.5, ಕೊನೆಯಲ್ಲಿ 32ರ ಆಸುಪಾಸಿನಲ್ಲಿದ್ದರೆ ಸರಿಯಾಗಿದೆ ಎಂದರ್ಥ. ಮಾರ್ಚಿಯ ಒಣಗಾಳಿಗೆ ಬೇಕಾದಷ್ಟು ನೀರು ಜುಲೈನ ಮೋಡದ ದಿನಗಳಿಗೆ ಬೇಕಾಗುವುದಿಲ್ಲ. ವರ್ಷವಿಡೀ ಒಂದೇ ಬಟ್ಟಲು ನೀರಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ತಕ್ಕಡಿ ಇದ್ದವರಿಗೆ ಇನ್ನೂ ಖಚಿತವಾದ ಮಾರ್ಗವಿದೆ. ನೀರಿನಂಶ ಆವಿಯಾಗಿ ಮೊಟ್ಟೆಯ ತೂಕ 18ನೇ ದಿನಕ್ಕೆ ಶೇ 12ರಿಂದ 13ರಷ್ಟು ಇಳಿಯಬೇಕು. ಆರಂಭದಲ್ಲಿ 500 ಗ್ರಾಂ ತೂಗಿದ ಹತ್ತು ಮೊಟ್ಟೆಗಳು ಆಗ ಸುಮಾರು 440 ಗ್ರಾಂ ಇರಬೇಕು. 460 ಇದ್ದರೆ ಒಳಗೆ ಗಾಳಿಗೆ ಜಾಗ ಸಾಲದೆ ಮರಿ ಉಸಿರುಕಟ್ಟುತ್ತದೆ. 420ಕ್ಕೆ ಇಳಿದಿದ್ದರೆ ಒಣಗಿದ ಪೊರೆಗೆ ಅಂಟಿಕೊಳ್ಳುತ್ತದೆ.

ಭ್ರೂಣ ಚಿಪ್ಪಿಗೆ ಅಂಟದಂತೆ ದಿನಕ್ಕೆ ಕನಿಷ್ಠ ಮೂರು ಬಾರಿ ಮೊಟ್ಟೆಗಳನ್ನು ತಿರುಗಿಸಬೇಕು. ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆದರೆ ಲೆಕ್ಕ ತಪ್ಪದು. ಬೆಸ ಸಂಖ್ಯೆಯ ಸರದಿಯಿದ್ದರೆ ದೀರ್ಘ ರಾತ್ರಿಯಲ್ಲಿ ಪ್ರತಿದಿನವೂ ಒಂದೇ ಮಗ್ಗುಲು ಮೇಲಾಗಿರುವುದಿಲ್ಲ. 7ನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚಿನ ಬೆಳಕು ಹಾಯಿಸಿದರೆ ರಕ್ತನಾಳಗಳ ಜಾಲ ಕಾಣುವ ಮೊಟ್ಟೆಗಳು ಜೀವಂತ. ಸ್ಪಷ್ಟವಾಗಿ ತಿಳಿಯಾಗಿರುವವನ್ನು ತೆಗೆಯಬಹುದು. 18ನೇ ದಿನದ ನಂತರ ತಿರುಗಿಸಬಾರದು, ಮುಚ್ಚಳ ತೆರೆಯಬಾರದು. ಮನೆಮಂದಿಯ, ಮುಖ್ಯವಾಗಿ ಮಕ್ಕಳ, ಕುತೂಹಲಕ್ಕೆ ಬಲಿಯಾಗುವ ಮರಿಗಳು ಕಡಿಮೆಯಲ್ಲ: ಒಮ್ಮೆ ತೆರೆದರೆ ತೇವಾಂಶ ಸೋರಿಹೋಗಿ, ಚಿಪ್ಪು ಬಿರಿದ ಮರಿಯ ಸುತ್ತಲ ಪೊರೆ ಗಟ್ಟಿಯಾಗುತ್ತದೆ.

ವಿದ್ಯುತ್ ಹೋದಾಗ ಗಾಬರಿಯಾಗಬೇಕಿಲ್ಲ. ಒಂದೆರಡು ಗಂಟೆಯ ಕಡಿತವನ್ನು ಮುಚ್ಚಿದ ಪೆಟ್ಟಿಗೆ ತಾಳಿಕೊಳ್ಳುತ್ತದೆ. ಹೆಚ್ಚು ಹೊತ್ತಾದರೆ ಬಿಸಿನೀರಿನ ಬಾಟಲಿಯನ್ನು ಮೊಟ್ಟೆಗೆ ತಾಗದಂತೆ ಒಳಗಿಟ್ಟು ಕಂಬಳಿ ಹೊದಿಸಬಹುದು. ಆದರೆ ಕೊನೆಯ ವಾರದಲ್ಲಿ ಭ್ರೂಣಗಳೇ ಶಾಖ ಹೊರಸೂಸುತ್ತವೆ, ಆಮ್ಲಜನಕವೂ ಹೆಚ್ಚು ಬೇಕು. ಆಗ ಗಾಳಿಯ ರಂಧ್ರಗಳನ್ನು ಮುಚ್ಚಿದರೆ ಕಾಪಾಡಲು ಮಾಡಿದ ಕೆಲಸವೇ ಕುತ್ತಾಗುತ್ತದೆ.

ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುವುದು ಸಹಜ. ಉಗುರಿನಿಂದ ಚಿಪ್ಪು ಬಿಡಿಸಿದರೆ ರಕ್ತಸ್ರಾವವಾಗುತ್ತದೆ. ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರದ ಬಲದಿಂದ ಮರಿಗಳು ಒಂದು ದಿನ ಆಹಾರವಿಲ್ಲದೆ ಇರಬಲ್ಲವು. ಪುಕ್ಕ ಒಣಗಿದ ನಂತರವೇ ಒಟ್ಟಿಗೆ ತೆಗೆದು, ಮೊದಲ ವಾರ ಸುಮಾರು 33-35 ಡಿಗ್ರಿ ಬೆಚ್ಚಗಿನ ಜಾಗದಲ್ಲಿ ಬಿಡಬೇಕು. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯನ್ನು ಹಾಕಿಸಬೇಕು. ಅದರ ಒಂದು ಬಾಟಲಿಯಲ್ಲಿ ನೂರಾರು ಮರಿಗಳಿಗೆ ಸಾಕಾಗುವಷ್ಟು ಲಸಿಕೆ ಇದ್ದು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕಾಗುತ್ತದೆ. ಆದ್ದರಿಂದ ಅಕ್ಕಪಕ್ಕದ ನಾಲ್ಕಾರು ಮನೆಯವರು ಒಂದೇ ವಾರ ಮೊಟ್ಟೆ ಇಟ್ಟರೆ ಪಶು ಆಸ್ಪತ್ರೆಗೆ ಒಟ್ಟಿಗೆ ಹೋಗಬಹುದು.