ಇಳಿದವರು ಏರಲೂ ಬೇಕು

ಮುಳಗುಂದದ ಸುತ್ತಲಿನ ಎರೆಹೊಲಗಳ ನಡುವೆ ಬೆಳೆದ ನಮಗೆ ಮೇಲಿನಿಂದ ಬೀಳುವ ನೀರೆಂದರೆ ಮಳೆಯ ನೀರೊಂದೇ. ಆದರೂ ಮಲೆನಾಡಿನ ನೀರಿನ ಋಣ ನಮ್ಮ ಮೇಲಿದೆ. ತುಂಗೆ ಮತ್ತು ಭದ್ರೆ ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆಂಬ ಹೆಸರಿನಿಂದ ನಮ್ಮ ಮುಂಡರಗಿ, ಶಿರಹಟ್ಟಿ ಸೀಮೆಯ ಅಂಚಿಗೆ ಹರಿದು ಬರುತ್ತವೆ. ಗದಗ–ಬೆಟಗೇರಿಯ ನಲ್ಲಿಗಳಿಗೂ ಆ ಹೊಳೆಯ ನೀರೇ ಆಧಾರ. ಆ ನೀರಿನ ತವರನ್ನು ಕಾಣಬೇಕೆಂದು ಕಳೆದ ಕಾರ್ತಿಕದಲ್ಲಿ ನಾವು ಹನ್ನೆರಡು ಜನ ಹೊರಟೆವು.

ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್ ಹರಡಿರುವ ಈ ಸೀಮೆಯಲ್ಲಿ ಬೆಟ್ಟದ ನೆತ್ತಿಯ ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಹುಲ್ಲೂ ಕಾಡೂ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುತ್ತವೆ. ಆದುದರಿಂದಲೇ ಮಳೆಗಾಲ ಮುಗಿದ ಮೇಲೂ ಅಲ್ಲಿನ ತೊರೆಗಳು ಹರಿಯುತ್ತಿರುತ್ತವೆ. ಸುಮಾರು 1,890 ಮೀಟರ್ ಎತ್ತರದ ಶಿಖರವನ್ನೇರುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರಲಿಲ್ಲ. ಹೀಗಾಗಿ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿರುವ ಹನುಮನಗುಂಡಿ ಜಲಪಾತವನ್ನು ಆರಿಸಿಕೊಂಡೆವು. ರಸ್ತೆಯಿಂದ ಮೆಟ್ಟಿಲುಗಳನ್ನು ಇಳಿದರೆ ಜಲಪಾತದ ಬುಡ. ಇದಕ್ಕಿಂತ ಸುಲಭವಾದುದು ಇನ್ನಾವುದಿದ್ದೀತು ಎಂಬುದು ನಮ್ಮ ಎಣಿಕೆಯಾಗಿತ್ತು.

ನಮ್ಮೊಡನೆ ಬಂದ ಹಿರಿಯರೊಬ್ಬರು ಅರವತ್ತೈದು ದಾಟಿದವರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯುಳ್ಳವರು. ಸ್ನಾನ ಮತ್ತು ಇಷ್ಟಲಿಂಗ ಪೂಜೆಯಾಗದೆ ಆಹಾರ ಮುಟ್ಟದ ನೇಮ ಅವರದು. ಜಲಪಾತದಲ್ಲಿಯೇ ಮಿಂದು ಪೂಜೆ ಮಾಡಬೇಕೆಂಬ ಆಸೆಯಿಂದ ಅಂದು ಬೆಳಗ್ಗೆ ಏನನ್ನೂ ತಿನ್ನಲಿಲ್ಲ. ಗುಳಿಗೆಯನ್ನು ಮಾತ್ರ ವೇಳೆಗೆ ಸರಿಯಾಗಿ ನುಂಗಿದ್ದರು. ಗುಳಿಗೆ ಔಷಧವೇ ಹೊರತು ಆಹಾರವಲ್ಲವಲ್ಲ ಎಂಬುದು ಅವರ ಸಮಾಧಾನ. ರೊಟ್ಟಿಯ ಬುತ್ತಿಯನ್ನು ಹೊತ್ತು ಇಳಿಯುವುದೇಕೆಂದು ನಾವು ಗಾಡಿಯಲ್ಲಿಯೇ ಬಿಟ್ಟಿದ್ದೆವು.

ಸ್ನಾನ, ಪೂಜೆ ಮುಗಿಸಿ ಮೇಲೆ ಹತ್ತುವಾಗ ಅರ್ಧದಾರಿಯಲ್ಲಿ ಅವರ ಹೆಜ್ಜೆ ತಪ್ಪತೊಡಗಿತು. ತಂಪು ಹವೆಯಲ್ಲಿಯೂ ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು.

“ಯಾಕ್ರಿ ಕಾಕಾ, ಏನಾಗಾಕತ್ತೇತ್ರಿ?” ಎಂದು ಕೇಳಿದೆವು.

“ಏನಿಲ್ಲೋ ತಮ್ಮಾ, ಊಟ ಮಾಡಿದ್ರ ಎಲ್ಲಾ ಸರಿ ಆಗ್ತೇತಿ. ನಡೀರಿ” ಎಂದರು. ಎರಡನೆಯ ಸಲ ಕೇಳಿದಾಗ ಅವರ ಉತ್ತರ ತೊದಲಿತು. ನಾವು ಅಂಜಿದೆವು.

ಗುಂಪಿನಲ್ಲಿದ್ದ ತಾಯಿಯೊಬ್ಬರ ಸೆರಗಿನ ಗಂಟಿನಲ್ಲಿ ಪ್ರಸಾದದ ಕಲ್ಲುಸಕ್ಕರೆ ಇತ್ತು. ಅವರನ್ನು ಮೆಟ್ಟಿಲ ಮೇಲೆ ಕೂಡಿಸಿ, ಸಕ್ಕರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಮಾತು ತಿಳಿಯಾಯಿತು. ಒಬ್ಬರು ಮೇಲಿನಿಂದ ಬುತ್ತಿ ತಂದರು. ಅವರು ಅಲ್ಲಿಯೇ ಪ್ರಸಾದ ಸ್ವೀಕರಿಸಿ, ಸಾಕಷ್ಟು ವಿಶ್ರಮಿಸಿ, ನಿಧಾನವಾಗಿ ಮೇಲೆ ಬಂದರು. ಗದಗಿಗೆ ಮರಳಿದ ಮೇಲೆ ವೈದ್ಯರು ಎಲ್ಲವನ್ನೂ ಕೇಳಿ, ಇದು ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದುದರ ಪರಿಣಾಮವೆಂದರು. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು ಹಾಗೂ ಇನ್ಸುಲಿನ್, ಹೊಟ್ಟೆಯಲ್ಲಿ ಆಹಾರವಿರಲಿ ಇಲ್ಲದಿರಲಿ, ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ದುಡಿಯುವ ಸ್ನಾಯುಗಳು ಉಳಿದುದನ್ನು ಹೀರಿಕೊಳ್ಳುತ್ತವೆ.

ಜಲಪಾತದ ದಾರಿಯ ಗುಣವೇ ಬೇರೆ. ಕಪ್ಪತಗುಡ್ಡಕ್ಕೆ ಹೋದಾಗ ನಾವು ಮೊದಲು ಏರುತ್ತೇವೆ. ದಣಿವಾದರೆ ಅಲ್ಲಿಂದಲೇ ಹಿಂದಿರುಗಬಹುದು. ಜಲಪಾತದಲ್ಲಿ ಹೊಸ ಕಸುವಿನಲ್ಲಿ ಇಳಿದುಬಿಡುತ್ತೇವೆ. ಕಷ್ಟದ ಏರು ದಣಿದ ಮೇಲೆ ಎದುರಾಗುತ್ತದೆ. ಇಳಿಯುವುದೂ ಹಗುರವಲ್ಲ. ಮೆಟ್ಟಿಲಿಳಿಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಭಾರ ಬೀಳುತ್ತದೆ. ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಆ ಭಾರವನ್ನು ತಡೆಯಬೇಕಾದುದರಿಂದ ಮರುದಿನ, ಮೂರನೆಯ ದಿನ ಕಾಲು ನೋಯುತ್ತವೆ.

ಇಂಥ ಯಾತ್ರೆ ಕೈಗೊಳ್ಳುವ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಸ್ನಾನ–ಪೂಜೆಗಳನ್ನು ತಂಗಿದ ಸ್ಥಳದಲ್ಲಿಯೇ ಪೂರೈಸಿ, ಪ್ರಸಾದ ಸ್ವೀಕರಿಸಿ ಹೊರಡಿರಿ. ಹೊರಡುವ ಮುನ್ನ ವೈದ್ಯರನ್ನು ಕಂಡು, ಅಂದಿನ ಗುಳಿಗೆಯನ್ನು ಎಷ್ಟು, ಯಾವಾಗ ತೆಗೆದುಕೊಳ್ಳಬೇಕೆಂದು ಕೇಳಿರಿ; ನೀವಾಗಿಯೇ ಬಿಡಬೇಡಿರಿ. ಸಕ್ಕರೆ ಇಲ್ಲವೆ ಗ್ಲೂಕೋಸ್ ಪುಡಿ ಗಾಡಿಯಲ್ಲಲ್ಲ, ಜೇಬಿನಲ್ಲಿರಲಿ. ಶೇಂಗಾ ಉಂಡಿ ಒಳ್ಳೆಯದೇ, ಆದರೆ ಅದರ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಅದು ಚೇತರಿಸಿಕೊಂಡ ಮೇಲಿನ ಆಹಾರ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಎದೆ ಬಿಗಿದರೆ ಅಥವಾ ನೋವು ತೋಳು, ದವಡೆಗೆ ಹರಿದರೆ ಅದು ಹೃದಯದ ಕರೆಯೆಂದು ತಿಳಿದು ಆಸ್ಪತ್ರೆಗೆ ಧಾವಿಸಬೇಕು.

ಏರುವಾಗ ಒಂದು ಪೂರ್ಣ ವಾಕ್ಯ ಆಡಲಾಗದಷ್ಟು ಉಸಿರು ಕಟ್ಟಿದರೆ ನಿಲ್ಲಿರಿ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡಬೇಡಿರಿ. ಮೇಲೆಲ್ಲೋ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ನೀರು ಒಮ್ಮೆಲೇ ಉಕ್ಕುತ್ತದೆ. ಮಲೆನಾಡಿನ ಕಾಡಿನಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ 1957ರಿಂದಲೂ ತಿಳಿದಿರುವ ರೋಗ. ಮೈತುಂಬ ಬಟ್ಟೆ ತೊಟ್ಟು ನಡೆದು, ಮರಳಿದ ಮೇಲೆ ಮೈಯನ್ನು ಪರೀಕ್ಷಿಸಿಕೊಂಡು ಸ್ನಾನ ಮಾಡಬೇಕು. ಆ ಬಳಿಕ ಜ್ವರ ಬಂದರೆ ಕಾಡಿಗೆ ಹೋದುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಸಿದ್ಧತೆಗೆ ದೂರ ಹೋಗಬೇಕಾಗಿಲ್ಲ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡ ನಮ್ಮ ಮಗ್ಗುಲಲ್ಲಿಯೇ ಇದೆ. ಆ ಹಿರಿಯರು ಈಗ ವೈದ್ಯರ ಅನುಮತಿ ಪಡೆದು, ವಾರಕ್ಕೊಮ್ಮೆ ನಮ್ಮೊಡನೆ ಅಲ್ಲಿಯ ಇಳಿಜಾರುಗಳಲ್ಲಿ ನಡೆಯುತ್ತಾರೆ. ಹೊರಡುವ ಮುನ್ನ ಪೂಜೆ, ಪ್ರಸಾದ ಎರಡೂ ಆಗಿರುತ್ತವೆ. ಜೇಬಿನಲ್ಲಿ ಕಲ್ಲುಸಕ್ಕರೆ ಇದೆಯೇ ಎಂದು ನಾವು ಕೇಳುವ ಮೊದಲೇ ಅವರು ತೆಗೆದು ತೋರಿಸುತ್ತಾರೆ.