ಎಡಗೈಗೂ ಆಟ ಕಲಿಸಿ

ಬಾಸ್ಕೆಟ್‌ಬಾಲ್ ಎತ್ತರದವರ ಆಟ ಎಂಬ ಮಾತಿದೆ. ಎತ್ತರ ಹುಟ್ಟಿನಿಂದ ಬರುವಂಥದ್ದು. ಕೈಚಳಕ ಹಾಗಲ್ಲ, ಅದನ್ನು ಯಾರು ಬೇಕಾದರೂ ಕಲಿಯಬಹುದು.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದಾಗ, ಚೆಂಡು ಹಿಡಿದು ಓಡಬಾರದು ಎಂಬ ನಿಯಮ ಮಾಡಿದರು. ಓಡುವಂತಿಲ್ಲ ಎಂದಾಗ ಆಟಗಾರರು ಚೆಂಡನ್ನು ನೆಲಕ್ಕೆ ಪುಟಿಸಿ ತಾವೇ ಹಿಡಿಯತೊಡಗಿದರು. ಡ್ರಿಬಲ್ ಬೆಳೆದುಬಂದದ್ದು ಹೀಗೆ.

ಡ್ರಿಬಲ್‌ನ ಮೊದಲ ಪಾಠ: ಚೆಂಡಿಗೆ ಬಡಿಯಬೇಡಿ, ಬೆರಳುಗಳಿಂದ ಒತ್ತಿ ಕಳಿಸಿ. ಬೆರಳ ತುದಿಗಳಲ್ಲಿ ಸ್ಪರ್ಶದ ನರಗಳು ಒತ್ತಾಗಿವೆ. ಚೆಂಡು ಎತ್ತ ವಾಲುತ್ತಿದೆ ಎಂಬುದು ಅಂಗೈಗಿಂತ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಸಿಮೆಂಟ್ ಅಂಕಣದಲ್ಲಿ ಅಭ್ಯಾಸ ಮುಗಿಸಿದ ಮಗುವಿನ ಕೈಯನ್ನು ಬಿಡಿಸಿ ನೋಡಿ. ಬೆರಳುಗಳಿಗೆಲ್ಲ ದೂಳು ಮೆತ್ತಿ, ಅಂಗೈಯ ನಡುವಿನ ಗುಳಿ ಮಾತ್ರ ಚೊಕ್ಕವಾಗಿದ್ದರೆ ಕಲಿಕೆ ಸರಿಯಾದ ದಾರಿಯಲ್ಲಿದೆ.

ಚೆಂಡಿನ ಗಾತ್ರವೂ ಮುಖ್ಯ. ಗಂಡಸರು ಆಡುವ 7ನೇ ಸೈಜಿನ ಚೆಂಡಿನ ಸುತ್ತಳತೆ ಸುಮಾರು 75 ಸೆಂ.ಮೀ., ತೂಕ 600 ಗ್ರಾಂ ಆಸುಪಾಸು. ಹತ್ತು ವರ್ಷದ ಮಗು ಅದನ್ನು ಎರಡೂ ಕೈಯಿಂದ ಎದೆಯ ಮಟ್ಟದಿಂದ ತಳ್ಳುತ್ತದೆ. ಆ ಅಭ್ಯಾಸವೇ ಅಂಟಿಕೊಂಡರೆ ಬಿಡಿಸುವುದು ಕಷ್ಟ. 12 ವರ್ಷದೊಳಗಿನವರಿಗೆ 5ನೇ ಸೈಜಿನ ಚೆಂಡನ್ನೇ ಕೊಡಿ.

ಶೂಟಿಂಗ್‌ನಲ್ಲಿ ಒಂದು ಕೈ ಎಸೆಯುತ್ತದೆ, ಇನ್ನೊಂದು ಬದಿಯಿಂದ ಆನಿಸಿಕೊಂಡಿರುತ್ತದೆ. ಆನಿಕೆಯ ಕೈ ತಳ್ಳಿದರೆ ಚೆಂಡು ಪಕ್ಕಕ್ಕೆ ಹೋಗುತ್ತದೆ. ಎಸೆಯುವ ಕೈಯ ಮಣಿಕಟ್ಟು ಕೊನೆಗೆ ಮುಂದಕ್ಕೆ ಬಾಗಬೇಕು, ಚೆಂಡು ತೋರುಬೆರಳು, ನಡುಬೆರಳುಗಳಿಂದ ಜಾರಬೇಕು. ಆಗ ಅದು ಹಿಮ್ಮುಖವಾಗಿ ತಿರುಗುತ್ತಾ ಸಾಗುತ್ತದೆ. ಅಂಥ ಚೆಂಡು ರಿಂಗಿಗೆ ತಗುಲಿದರೂ ವೇಗ ಕಳೆದುಕೊಂಡು ಒಳಗೆ ಬೀಳುವ ಸಾಧ್ಯತೆ ಹೆಚ್ಚು.

ಇನ್ನು ಎಡಗೈ. ಬಲಗೈಯೊಂದರಲ್ಲೇ ಆಡುವವರನ್ನು ಎದುರಾಳಿ ಎರಡೇ ನಿಮಿಷದಲ್ಲಿ ಗುರುತಿಸಿ, ಬಲಬದಿಯನ್ನು ಮುಚ್ಚಿಬಿಡುತ್ತಾನೆ. ಇದಕ್ಕೆ ಮದ್ದು ಜಾರ್ಜ್ ಮೈಕನ್ ಹೆಸರಿನ ಅಭ್ಯಾಸ. ಮೈಕನ್ 1942ರಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಬಹಳ ಎತ್ತರ, ಕಣ್ಣಿಗೆ ದಪ್ಪ ಕನ್ನಡಕ, ಚುರುಕು ಸಾಲದ ನಡೆ. ಕೋಚ್ ರೇ ಮೇಯರ್ ಮೈಕನ್‌ರನ್ನು ದಿನವೂ ದುಡಿಸಿದರು. ಅಭ್ಯಾಸ ಸರಳ: ರಿಂಗಿನ ಕೆಳಗೆ ನಿಂತು ಬಲಬದಿಯಿಂದ ಬಲಗೈಯಲ್ಲಿ ಹಾಕಬೇಕು, ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಎಡಬದಿಯಿಂದ ಎಡಗೈಯಲ್ಲಿ ಹಾಕಬೇಕು. ಹೀಗೆ ಬಿಡದೆ ಸಾಗಬೇಕು. ಅದೇ ಮೈಕನ್ ಆಡಿದ ಮಿನಿಯಾಪೊಲಿಸ್ ಲೇಕರ್ಸ್ ತಂಡ 1949ರಿಂದ 1954ರ ಅವಧಿಯಲ್ಲಿ ಐದು ಸಲ ಚಾಂಪಿಯನ್ ಆಯಿತು.

ಎಡಗೈಯಲ್ಲಿ ಶುರುಮಾಡಿದಾಗ ಚೆಂಡು ಕಾಲಿಗೆ ಬಡಿಯುತ್ತದೆ, ಅಂಕಣ ದಾಟಿ ಉರುಳುತ್ತದೆ. ನಾಚಬೇಡಿ, ಓಡಿಹೋಗಿ ತನ್ನಿ. ದಿನಕ್ಕೆ ಹತ್ತು ನಿಮಿಷ ಆ ಕೈಗೇ ಮೀಸಲಿಡಿ. ಚೆಂಡನ್ನು ನೋಡದೆ ತಲೆ ಎತ್ತಿ ಪುಟಿಸಲು ಬಂದ ದಿನ, ಜೊತೆಗಾರರು ಎಲ್ಲೆಲ್ಲಿದ್ದಾರೆಂದು ನಿಮಗೆ ಕಾಣತೊಡಗುತ್ತದೆ. ನಿಜವಾದ ಆಟ ಅಲ್ಲಿಂದ ಶುರು.