ಛಾಯಾಚಿತ್ರಗಳಿಗೊಂದು ವಿಳಾಸ

1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲೀ ಎಂಬ ಸೈನ್ಯಾಧಿಕಾರಿಯೊಬ್ಬರು ಹಳೇಬೀಡಿಗೆ ಕ್ಯಾಮರಾ ತಂದು ಹೊಯ್ಸಳೇಶ್ವರ ದೇವಾಲಯದ ಛಾಯಾಚಿತ್ರಗಳನ್ನು ತೆಗೆದರು. ಮೂರು ವರ್ಷಗಳ ತರುವಾಯ, 1859ರಲ್ಲಿ, 56 ಚಿತ್ರಗಳ ಪುಸ್ತಕವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸವೇ ಸರಿ. ಇಂದು ಅರಸೀಕೆರೆಯಿಂದ ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೋದ ಹೈಸ್ಕೂಲು ಹುಡುಗನೊಬ್ಬನು ದೇವಾಲಯಕ್ಕೆ ಒಂದು ಪ್ರದಕ್ಷಿಣೆ ಬರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದಿರುತ್ತಾನೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ ಎನ್ನುತ್ತಾರಷ್ಟೆ. ಮಗುವಿನ ನಾಮಕರಣ, ಅಕ್ಕನ ಮದುವೆ, ಜಾತ್ರೆ, ತೇರು, ತೋಟದ ಪೈರು, ಸೊಸೈಟಿಯ ರಸೀತಿ ಎಲ್ಲವೂ ಸೇರಿ ನಾಲ್ಕೈದು ವರ್ಷಗಳಲ್ಲಿ ಒಂದು ಸಾಧಾರಣ ಸಂಸಾರದ ಮೊಬೈಲಿನಲ್ಲಿಯೂ ಸಾವಿರಗಟ್ಟಲೆ ಚಿತ್ರಗಳು ಕೂಡಿಬಿಡುತ್ತವೆ.

ರಾಶಿ ಕೂಡಿತು, ನಿಜ. ಆದರೆ ಬೇಕಾದ ಕಾಳನ್ನು ಹೆಕ್ಕುವುದು ಹೇಗೆ? ಈಗ ಕಷ್ಟವಿರುವುದು ಚಿತ್ರ ತೆಗೆಯುವುದರಲ್ಲಲ್ಲ. ತೆಗೆದುದನ್ನು ಬೇಕಾದಾಗ ಕಾಣುವುದರಲ್ಲಿ, ಕಂಡುದು ಏನೆಂದು ತಿಳಿಯುವುದರಲ್ಲಿ. ಆನೆಯ ಚರ್ಮವನ್ನು ಬಿಚ್ಚಿ ಹಿಡಿದು ಕುಣಿಯುವ ಗಜಾಸುರಸಂಹಾರದ ಶಿವನು ಬೇಲೂರಿನ ಗೋಡೆಯ ಮೇಲೂ ಇದ್ದಾನೆ, ಹಳೇಬೀಡಿನ ಗೋಡೆಯ ಮೇಲೂ ಇದ್ದಾನೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕಲ್ಲೂ ಅದೇ ಬಳಪದ ಕಲ್ಲು, ಕೆತ್ತನೆಯೂ ಅದೇ ಬಗೆಯದು. ಯಾವುದು ಯಾವ ಊರಿನದೆಂದು ಬರೆದಿಡದೆ ಹೋದರೆ ಐದು ವರ್ಷಗಳ ಮೇಲೆ ತೆಗೆದವನಿಗೇ ಗುರುತು ಸಿಕ್ಕಲಾರದು. ಮನೆಯ ಹಳೆಯ ಚಿತ್ರಗಳ ಪಾಡೂ ಇದೇ. ಮದುವೆಯ ಗುಂಪಿನಲ್ಲಿ ಎಡಗಡೆ ಕೊನೆಯಲ್ಲಿ ನಿಂತಿರುವ ರುಮಾಲಿನ ಯಜಮಾನರು ಯಾರೆಂದು ಬಲ್ಲವರು ಮನೆಯಲ್ಲಿ ಅಜ್ಜಿಯೊಬ್ಬರೇ ಇರಬಹುದು. ಅವರನ್ನು ಕೇಳುವ ಕಾಲ ಎಂದೆಂದಿಗೂ ಇರುವುದಿಲ್ಲ.

ಈ ಕೆಲಸಕ್ಕೆ ನೆರವಾಗಲೆಂದೇ ಹಲವು ತಂತ್ರಾಂಶಗಳು, ಜನರ ಮಾತಿನಲ್ಲಿ ಸಾಫ್ಟ್‌ವೇರುಗಳು, ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಬಣ್ಣಬಣ್ಣದ ಮುಖಪುಟವನ್ನು ನೋಡಿ ಮರುಳಾಗುವುದಕ್ಕೆ ಮೊದಲು ತಂತ್ರಾಂಶವು ಮಾಡುವ ಕೆಲಸವೇನೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಪ್ರತಿಯೊಂದು ಡಿಜಿಟಲ್ ಚಿತ್ರದ ಕಡತದೊಳಗೂ ಕಣ್ಣಿಗೆ ಕಾಣದ ಒಂದು ಚೀಟಿಯಿರುತ್ತದೆ. ಕ್ಯಾಮರಾ ತಾನೇ ತುಂಬುವ ಚೀಟಿಗೆ ಎಕ್ಸಿಫ್ ಎಂದು ಹೆಸರು. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಕ್ರಮವಿದು. ಚಿತ್ರ ತೆಗೆದ ದಿನ, ಗಳಿಗೆ, ಕ್ಯಾಮರಾದ ಜಾತಿ, ನಾವು ಅನುಮತಿಯಿತ್ತಿದ್ದರೆ ಸ್ಥಳದ ಅಕ್ಷಾಂಶ ರೇಖಾಂಶಗಳು, ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ತಂತ್ರಾಂಶವು ಇದನ್ನು ಓದಿ ಚಿತ್ರಗಳನ್ನು ದಿನಾಂಕದಂತೆಯೂ ಸ್ಥಳದಂತೆಯೂ ತಾನೇ ಸಾಲುಗೂಡಿಸುತ್ತದೆ. ಮುಖದ ಹೋಲಿಕೆಯನ್ನು ಹಿಡಿದು ಒಬ್ಬರದೇ ಚಿತ್ರಗಳನ್ನು ಒಂದೆಡೆ ಸೇರಿಸುವ ತಂತ್ರಾಂಶಗಳೂ ಉಂಟು. ಕೆಲವೊಮ್ಮೆ ಶಿಲಾಬಾಲಿಕೆಯ ಮುಖವನ್ನೂ ಮನೆಯವರ ಮುಖವೆಂದೇ ಎಣಿಸಿ, ಇವರು ಯಾರು ಎಂದು ಅದು ನಮ್ಮನ್ನು ಕೇಳುವುದುಂಟು! ಅದು ಮುಖವನ್ನು ಗುರುತಿಸೀತು. ಆದರೆ ಅದು ಸೋದರತ್ತೆಯ ಮುಖವೆಂದು ನಾವೇ ಹೇಳಿಕೊಡಬೇಕು. ಯಾರು, ಏನು, ಯಾವ ಸಂದರ್ಭ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೊಡತಕ್ಕವರು ಮನುಷ್ಯರೇ.

ಹಾಗಾದರೆ ನಾವು ಕಷ್ಟಪಟ್ಟು ಬರೆದ ಹೆಸರು ಎಲ್ಲಿ ಉಳಿಯುತ್ತದೆ? ತಂತ್ರಾಂಶವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಬೆಂಗಳೂರು ಹುಬ್ಬಳ್ಳಿಗಳ ದಾರಿಯೂ ಹಾಸನದ ಮೇಲೆ ಮೈಸೂರಿಗೆ ಹೋಗುವ ದಾರಿಯೂ ಇಲ್ಲಿ ಕೂಡುತ್ತವೆ. ಇಲ್ಲಿಂದ ಮೈಸೂರಿಗೆ ಒಂದು ಮೂಟೆಯನ್ನು ಕಳುಹಿಸಬೇಕೆಂದಿಟ್ಟುಕೊಳ್ಳಿ. ಅದರ ವಿಳಾಸವನ್ನು ಸ್ಟೇಷನ್ನಿನ ಪುಸ್ತಕದಲ್ಲಿ ಮಾತ್ರ ಬರೆದು, ಮೂಟೆಯ ಮೇಲೆ ಏನೂ ಬರೆಯದೆ ಬಿಟ್ಟರೆ? ಪುಸ್ತಕ ಕೈಯಲ್ಲಿರುವವರೆಗೆ ಎಲ್ಲವೂ ಸುಸೂತ್ರ. ಪುಸ್ತಕ ಕಳೆದ ದಿನ ಮೂಟೆ ಅನಾಥ. ಮೂಟೆಯ ಮೇಲೆಯೇ ವಿಳಾಸವಿದ್ದರೆ ಯಾವ ಊರಿನ ಯಾವ ಸ್ಟೇಷನ್ನಿಗೆ ಹೋದರೂ ಓದಬಲ್ಲವರು ಓದಿ ಮುಟ್ಟಿಸಿಯಾರು.

ತಂತ್ರಾಂಶಗಳಲ್ಲಿಯೂ ಇಂಥ ಎರಡು ಬಗೆಗಳಿವೆ. ಕೆಲವು ನಾವು ಬರೆದುದನ್ನು ತಮ್ಮ ಸ್ವಂತ ಪುಸ್ತಕದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಮಾತ್ರ ಇಟ್ಟುಕೊಳ್ಳುತ್ತವೆ. ಕೆಲವು ಅದನ್ನು ಚಿತ್ರದ ಕಡತದೊಳಗೇ, ಅಥವಾ ಅದರ ಮಗ್ಗುಲಲ್ಲಿ ಅದೇ ಹೆಸರಿನ ಪುಟ್ಟ ಕಡತದಲ್ಲಿ, ಬರೆಯಬಲ್ಲವು. ಹಾಗೆ ಬರೆಯಲು ಎಲ್ಲರೂ ಒಪ್ಪಿದ ಕ್ರಮಗಳಿವೆ. ಪತ್ರಿಕಾಲಯಗಳಿಂದ ಬಂದುದು ಐಪಿಟಿಸಿ. ಅಡೋಬಿ ಸಂಸ್ಥೆ 2001ರಲ್ಲಿ ಹೊರತಂದು, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದುದು ಎಕ್ಸ್‌ಎಂಪಿ. ಇವುಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತಂತ್ರಾಂಶದ ವಿವರಣೆಯಲ್ಲಿ ಈ ಮಾತುಗಳು ಇವೆಯೇ ಎಂದು ನೋಡಿದರೆ ಸಾಕು.

ಇದು ಬರಿಯ ತರ್ಕವಲ್ಲ. ನಡೆದ ಸಂಗತಿಯೇ ಇದೆ. ಪಿಕಾಸಾ ಎಂಬ ತಂತ್ರಾಂಶವನ್ನು ಗೂಗಲ್ 2004ರಲ್ಲಿ ಕೊಂಡುಕೊಂಡು ಉಚಿತವಾಗಿ ಹಂಚಿತು. ಅನೇಕ ಮನೆಗಳಲ್ಲಿ ಅದು ಬಳಕೆಗೆ ಬಂತು. 2016ರಲ್ಲಿ ಅದನ್ನು ನಿಲ್ಲಿಸಲಾಯಿತು. ಪಿಕಾಸಾದಲ್ಲಿ ಜೆಪೆಗ್ ಚಿತ್ರಗಳ ಕೆಳಗೆ ಬರೆದ ಶೀರ್ಷಿಕೆಗಳು ಚಿತ್ರದೊಳಗೇ ಸೇರಿದ್ದವು. ಅವು ಬೇರೆ ತಂತ್ರಾಂಶಗಳಲ್ಲಿಯೂ ಕಂಡವು. ಚಿತ್ರಗಳನ್ನು ಹೊಂದಿಸಿ ಮಾಡಿದ ಆಲ್ಬಮ್ಮುಗಳ ಪಟ್ಟಿಯಾದರೋ ಪಿಕಾಸಾದ ಸ್ವಂತ ಪುಸ್ತಕದಲ್ಲಿತ್ತು. ಅದು ಹೊಸ ಮನೆಗೆ ತಾನಾಗಿ ಬರಲಿಲ್ಲ. ಒಂದೇ ಕೈ ಮಾಡಿದ ಕೆಲಸದಲ್ಲಿ ಒಂದು ಭಾಗ ಉಳಿಯಿತು, ಒಂದು ಭಾಗ ಹಿಂದೆ ಬಿತ್ತು.

ಈಗ ಬಳಕೆಯಲ್ಲಿರುವ ಮೂರು ತಂತ್ರಾಂಶಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲನೆಯದು ಗೂಗಲ್ ಫೋಟೋಸ್. 2015ರಲ್ಲಿ ಬಂದ ಇದು ಅನೇಕ ಮೊಬೈಲುಗಳಲ್ಲಿ ಕೊಳ್ಳುವಾಗಲೇ ಇರುತ್ತದೆ. ಹುಡುಕುವುದರಲ್ಲಿ ಬಹಳ ಚುರುಕು. ಮೊಬೈಲು ಕಳೆದರೂ ದೂರದಲ್ಲಿ ಪ್ರತಿಯೊಂದು ಉಳಿದಿರುತ್ತದೆ. ಆದರೆ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸ್ಥಳ ನಿಂತು, ಅಂಚೆ ಮುಂತಾದುವೆಲ್ಲ ಸೇರಿ 15 ಜಿಬಿ ಮಾತ್ರ ಉಚಿತವೆಂದಾಯಿತು. ಅಲ್ಲದೆ ಅಲ್ಲಿ ನಾವು ಬರೆದ ವಿವರಣೆ ಚಿತ್ರದ ಕಡತದೊಳಗೆ ಸೇರುವುದಿಲ್ಲ. ಎಲ್ಲವನ್ನೂ ಹಿಂದಕ್ಕೆ ತರಿಸಿಕೊಂಡರೆ ಅದು ಬೇರೊಂದು ಕಡತವಾಗಿ ಬರುತ್ತದೆ. ಆದುದರಿಂದ ಇದನ್ನು ಎರಡನೆಯ ಉಗ್ರಾಣವಾಗಿ ಇಟ್ಟುಕೊಳ್ಳಬಹುದೇ ಹೊರತು ಹೆಸರಿಡುವ ಕೆಲಸಕ್ಕೆ ಇದೊಂದನ್ನೇ ನಂಬುವುದು ಉಚಿತವಲ್ಲ.

ಎರಡನೆಯದು ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್. ಛಾಯಾಚಿತ್ರದ ಕಸುಬಿನವರಿಗೆ ಪ್ರಿಯವಾದುದು. ಬೆಳಕು ಬಣ್ಣಗಳನ್ನು ತಿದ್ದುವ ಅನುಕೂಲಗಳು ಹೇರಳ. ಇದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ನಮ್ಮ ಬರವಣಿಗೆ ಮೊದಲು ಇದರ ಸ್ವಂತ ಕ್ಯಾಟಲಾಗಿಗೆ ಹೋಗುತ್ತದೆ; ಚಿತ್ರಕ್ಕೂ ಬರೆಯತಕ್ಕದ್ದೆಂಬ ಆಯ್ಕೆಯನ್ನು ನಾವು ಹಚ್ಚಿಕೊಳ್ಳಬೇಕು.

ಮೂರನೆಯದು ಡಿಜಿಕ್ಯಾಮ್. ಇದು ಉಚಿತ, ಮೂಲವೂ ಬಹಿರಂಗ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಒಂದೇ ಬಗೆಯ ಚಿತ್ರಗಳನ್ನು ಹುಡುಕಿಕೊಡುತ್ತದೆ, ಮುಖಗಳನ್ನು ಗುಂಪುಗೂಡಿಸುತ್ತದೆ, ಹೆಸರನ್ನು ಚಿತ್ರದೊಳಗಾಗಲಿ ಮಗ್ಗುಲ ಕಡತದಲ್ಲಾಗಲಿ ಬರೆಯಬಲ್ಲದು. ಇದರಲ್ಲಿಯೂ ಆ ಆಯ್ಕೆ ಹತ್ತಿದೆಯೇ ಎಂದು ನೋಡಿಕೊಳ್ಳುವುದು ಅವಶ್ಯ. ಕಂಪ್ಯೂಟರು ಬೇಕು, ಕಲಿಯಲು ನಾಲ್ಕು ಸಂಜೆಗಳೂ ಬೇಕು. ಆದರೂ ಮನೆಯ ಸಂಗ್ರಹಕ್ಕೆ, ಶಾಲೆಯ ಸಂಗ್ರಹಕ್ಕೆ ನಾನು ಇದನ್ನೇ ಮೊದಲು ಸೂಚಿಸುವೆನು.

ಯಾರ ಮಾತನ್ನೂ, ಈ ಲೇಖಕನ ಮಾತನ್ನೂ, ಹಾಗೆಯೇ ನಂಬಬೇಕಾಗಿಲ್ಲ. ಪರೀಕ್ಷಿಸಿ ನೋಡುವುದು ಸುಲಭ. ಸಂಗ್ರಹದಿಂದ ನೂರು ಚಿತ್ರಗಳ ಪ್ರತಿಯನ್ನು ಬೇರೊಂದು ಫೋಲ್ಡರಿಗೆ ಹಾಕಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಹೊಸ ತಂತ್ರಾಂಶದಲ್ಲಿ ಹತ್ತು ಚಿತ್ರಗಳಿಗೆ ಕನ್ನಡದಲ್ಲಿ ಹೆಸರು ಬರೆಯಿರಿ. ‘ಬೇಲೂರು’ ಎಂದು ಕನ್ನಡದಲ್ಲಿಯೇ ಹುಡುಕಿ ನೋಡಿ. ಬಳಿಕ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಬರೆದ ಹೆಸರು ಅಲ್ಲಿ ಕಂಡಿತೇ? ಕಂಡರೆ ಆ ತಂತ್ರಾಂಶವನ್ನು ಮನೆಗೆ ತರಬಹುದು. ಕಾಣದಿದ್ದರೆ ನಷ್ಟವಾದುದು ಹತ್ತು ಚಿತ್ರದ ಶ್ರಮ; ಹತ್ತು ಸಾವಿರದ್ದಲ್ಲ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹೆಸರುಗಳನ್ನು ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು. ಹಳೆಯ ಬಗೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದುದು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಗುರುತುಗಳಾಗಿ ತೋರುತ್ತದೆ, ಹುಡುಕಿದರೂ ಸಿಕ್ಕದು. ಕಾಗುಣಿತದ ವಿಷಯವೂ ಹಾಗೆಯೇ. ಹಳೇಬೀಡು, ಹಳೆಬೀಡು, ದೋರಸಮುದ್ರ, ದ್ವಾರಸಮುದ್ರ ನಾಲ್ಕೂ ಒಂದೇ ಊರಿಗೆ ಸಲ್ಲುತ್ತವೆಂದು ನಾವು ಬಲ್ಲೆವು. ಯಂತ್ರವು ಅವನ್ನು ನಾಲ್ಕು ಬೇರೆ ಮಾತುಗಳೆಂದೇ ಎಣಿಸಬಹುದು. ಮದನಿಕೆ, ಶಿಲಾಬಾಲಿಕೆ, ಸಾಲಭಂಜಿಕೆ ಎಂಬ ಮಾತುಗಳೂ ಹೀಗೆಯೇ. ಒಂದು ರೂಪವನ್ನು ನಿಶ್ಚಯಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟು, ಮನೆಯವರೆಲ್ಲ ಅದನ್ನೇ ಅನುಸರಿಸಬೇಕು.

ಇಂಥ ಕಟ್ಟುನಿಟ್ಟಿನ ಫಲವನ್ನು ನಮ್ಮ ಜಿಲ್ಲೆಯಲ್ಲಿಯೇ ಕಾಣಬಹುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳು 1902ರಲ್ಲಿ ಪ್ರಕಟವಾದವು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟರು. ಬೇಲೂರು ಇಷ್ಟನೆಯದು, ಅರಸೀಕೆರೆ ಇಷ್ಟನೆಯದು ಎಂದರೆ ಸಾಕು. ವಿದ್ವಾಂಸರು ಇಂದಿಗೂ ಅದೇ ಗುರುತನ್ನು ಹಿಡಿದು ಆ ಕಲ್ಲನ್ನು ಕಂಡುಕೊಳ್ಳುತ್ತಾರೆ. ಕಂಪ್ಯೂಟರಿಲ್ಲದ ಕಾಲದಲ್ಲಿ ಮಾಡಿದ ವಿಂಗಡಣೆ ಶತಮಾನ ದಾಟಿಯೂ ಕೆಲಸ ಮಾಡುತ್ತಿದೆ! ನಾವೂ ಚಿತ್ರಕ್ಕೆ ವರ್ಷ, ತಿಂಗಳು, ದಿನ, ಊರು, ಸಂದರ್ಭ, ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಟ್ಟರೆ, ‘2024-11-17 ಬೇಲೂರು ಚೆನ್ನಕೇಶವ 001’ ಎಂಬಂತೆ, ತಂತ್ರಾಂಶವೇ ಇಲ್ಲದಿದ್ದರೂ ಅವು ತಾವಾಗಿ ಸಾಲಾಗಿ ನಿಲ್ಲುತ್ತವೆ.

ಇನ್ನೆರಡು ಎಚ್ಚರಿಕೆಗಳನ್ನು ಹೇಳಬೇಕು. ವಾಟ್ಸಾಪಿನಲ್ಲಿ ಚಿತ್ರವನ್ನು ಮಾಮೂಲಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಒಳಗಿನ ಚೀಟಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂಬ ದಾರಿಯಿಂದ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿಸಿದಾಗ ಅದಕ್ಕೆ ಬೀಳುವುದು ಸ್ಕ್ಯಾನಿನ ದಿನಾಂಕ. 1962ರ ಮದುವೆ ಮೊನ್ನೆ ನಡೆದಂತೆ ತೋರುತ್ತದೆ! ದಿನಾಂಕವನ್ನು ತಿದ್ದಲು ಬಿಡುವ ತಂತ್ರಾಂಶವೇ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಸಂಗ್ರಹದ ಎರಡನೆಯ ಪ್ರತಿಯೊಂದು ಬೇರೊಂದು ಮನೆಯಲ್ಲಿಯೋ ಬೇರೊಂದು ಊರಿನಲ್ಲಿಯೋ ಇರಲೇಬೇಕು. ಹೆಸರಿದ್ದೂ ಡಿಸ್ಕು ಕೆಟ್ಟರೆ ಪ್ರಯೋಜನವೇನು?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಚಿತ್ರಗಳನ್ನು ಜೋಪಾನ ಮಾಡಲು ದೊಡ್ಡ ದೊಡ್ಡ ಸಂಸ್ಥೆಗಳಿವೆ. 1220ರಲ್ಲಿ ಕಟ್ಟಿದ ಅರಸೀಕೆರೆಯ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಹೊಲದ ಬದುವಿನ ವೀರಗಲ್ಲು, ಕೆರೆಯ ಏರಿಯ ಮಾಸ್ತಿಕಲ್ಲು ಯಾವ ಪಟ್ಟಿಗೂ ಸೇರಲಾರವು. ನಮ್ಮ ಮನೆಯ ಹಿರಿಯರ ಮುಖಗಳಂತೂ ಸೇರುವುದೇ ಇಲ್ಲ. ಅವುಗಳ ಜೋಪಾನ ನಮ್ಮ ಪಾಲಿಗೆ ಬಂದ ಕೆಲಸ. ರೇಡಿಯೋದ ಸಂಜೆಯ ವಾರ್ತೆ ಮುಗಿದ ಮೇಲೆ ವಾರಕ್ಕೊಂದು ದಿನ ಅರ್ಧ ಗಂಟೆ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಅವರು ಹೇಳಿದುದನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ಮೊದಲು ಹಳೆಯ ಚಿತ್ರಗಳು ಮುಗಿಯಲಿ, ಮೊನ್ನೆಯವು ಕಾದಾವು.